ಸಲ್ಲೇಖನದ ಪಠ್ಯಗಳಲ್ಲಿ ಸ್ವಾಯತ್ತತೆ: ನಿಸಿದಿ ಶಾಸನ, ಆರಾಧನಾ ಪರಂಪರೆ ಮತ್ತು ಇಂದಿನ ನೀತಿವಿಚಾರ

ಪೀಠಿಕೆ

ವೈದ್ಯಕೀಯ ನೀತಿಶಾಸ್ತ್ರದಲ್ಲಿ ಇಂದು ನಾಲ್ಕು ತತ್ತ್ವಗಳು ಆಧಾರಸ್ತಂಭಗಳೆಂದು ಪರಿಗಣಿತವಾಗಿವೆ: ವ್ಯಕ್ತಿಯ ಸ್ವಾಯತ್ತತೆಗೆ ಗೌರವ, ಹಾನಿ ಮಾಡದಿರುವುದು, ಹಿತವನ್ನು ಸಾಧಿಸುವುದು ಮತ್ತು ನ್ಯಾಯ. 1979ರಲ್ಲಿ ಅಮೆರಿಕದ ಟಾಮ್ ಬೀಚಮ್ ಮತ್ತು ಜೇಮ್ಸ್ ಚಿಲ್ಡ್ರೆಸ್ ತಮ್ಮ ಗ್ರಂಥದಲ್ಲಿ ಇವನ್ನು ಒಂದು ಚೌಕಟ್ಟಾಗಿ ನಿರೂಪಿಸಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯೂ ಇದೇ ನಾಲ್ಕನ್ನು ಮೂಲತತ್ತ್ವಗಳೆಂದು ಸ್ವೀಕರಿಸಿದೆ. ಈ ಪಟ್ಟಿಯನ್ನು ಹಿಡಿದು ಪ್ರಾಚೀನ ಕನ್ನಡ ಗ್ರಂಥಗಳಲ್ಲಿ ಸಮಾನಾರ್ಥಕ ಪದಗಳನ್ನು ಹುಡುಕುವುದು ಸುಲಭ. ಅದರಿಂದ ತಿಳಿಯುವುದು ಮಾತ್ರ ಕಡಿಮೆ. ‘ಅಹಿಂಸೆ’ ಎಂಬುದನ್ನು ಹಾನಿ ಮಾಡದಿರುವ ತತ್ತ್ವದ ಎದುರಿಗೂ ‘ದಯೆ’ ಎಂಬುದನ್ನು ಹಿತದ ಎದುರಿಗೂ ಬರೆದಿಟ್ಟ ಮಾತ್ರಕ್ಕೆ ಹಳೆಯ ಪಠ್ಯ ಏನನ್ನು ಯೋಚಿಸುತ್ತಿತ್ತು ಎಂಬುದು ಗೊತ್ತಾಗುವುದಿಲ್ಲ. ಈ ತತ್ತ್ವಗಳು ಒಂದನ್ನೊಂದು ವಿರೋಧಿಸುವ ಒಂದು ಸಂದರ್ಭವನ್ನು ಆರಿಸಿಕೊಂಡು, ಅಲ್ಲಿ ಪಠ್ಯಗಳು ಏನು ಮಾಡುತ್ತವೆ ಎಂದು ನೋಡುವುದು ಹೆಚ್ಚು ಉಪಯುಕ್ತ.

ಕನ್ನಡದ ಮಟ್ಟಿಗೆ ಅಂಥ ಸಂದರ್ಭ ಸಲ್ಲೇಖನ. ಆಹಾರವನ್ನು ಕ್ರಮಕ್ರಮವಾಗಿ ತ್ಯಜಿಸಿ ದೇಹವನ್ನು ಬಿಡುವ ಈ ಜೈನ ವ್ರತಕ್ಕೆ ಸಂಬಂಧಿಸಿದ ಶಾಸನಗಳು, ಕಥೆಗಳು ಮತ್ತು ಆಚಾರಗ್ರಂಥಗಳು ಕರ್ನಾಟಕದಲ್ಲಿ ಸಾವಿರ ವರ್ಷಕ್ಕೂ ಮಿಕ್ಕಿ ಹಬ್ಬಿವೆ. ಇದರ ಚರ್ಚೆ ಕೇವಲ ಪುರಾತನ ವಿಷಯವಾಗಿಯೂ ಉಳಿದಿಲ್ಲ. 2015ರ ಆಗಸ್ಟ್ 10ರಂದು ರಾಜಸ್ಥಾನ ಉಚ್ಚ ನ್ಯಾಯಾಲಯವು ‘ಸಂಥಾರಾ’ ಎಂಬ ಹೆಸರಿನಲ್ಲಿ ಪ್ರಸಿದ್ಧವಾದ ಇದೇ ಆಚರಣೆಯನ್ನು ಆತ್ಮಹತ್ಯೆಗೆ ಸಮಾನವೆಂದು ಪರಿಗಣಿಸಿ ತಡೆಯಲು ಆದೇಶಿಸಿತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯ ಆ ಆದೇಶಕ್ಕೆ ತಡೆ ನೀಡಿತು. ಆಗ ನಡೆದ ಸಾರ್ವಜನಿಕ ಚರ್ಚೆ ಬಹುಮಟ್ಟಿಗೆ ಎರಡು ಮಾತುಗಳಲ್ಲಿ ನಿಂತಿತು: ಇದು ಆತ್ಮಹತ್ಯೆಯೇ, ಅಥವಾ ಧರ್ಮದ ಅವಿಭಾಜ್ಯ ಆಚರಣೆಯೇ? ಪಠ್ಯಗಳನ್ನು ಹತ್ತಿರದಿಂದ ಓದಿದಾಗ ಅವುಗಳ ಮುಖ್ಯ ಕಾಳಜಿ ಬೇರೆಯೇ ಎಂಬುದು ಕಾಣುತ್ತದೆ. ಸಾಯುವವನ ನಿರ್ಧಾರ ನಿಜವಾಗಿಯೂ ಅವನದೇ ಎಂದು ಇತರರು ತಿಳಿಯುವುದು ಹೇಗೆ, ತಿಳಿದ ಮೇಲೆ ಆ ಇತರರ ಹೊಣೆ ಏನು ಎಂಬುದೇ ಅವುಗಳ ಪ್ರಶ್ನೆ. ಸ್ವಾಯತ್ತತೆಯನ್ನು ಈ ಪರಂಪರೆ ಒಂಟಿತನವೆಂದು ಭಾವಿಸಿಲ್ಲ. ಪರೀಕ್ಷೆ, ಅನುಮತಿ ಮತ್ತು ಶುಶ್ರೂಷೆಗಳ ನಡುವೆ ಮಾತ್ರ ಒಂದು ನಿರ್ಧಾರ ‘ತನ್ನದು’ ಎನಿಸಿಕೊಳ್ಳುತ್ತದೆ ಎಂಬುದು ಅದರ ನಿಲುವು. ಆ ನಿಲುವಿನ ಬಲವನ್ನೂ ಅದರೊಳಗಿನ ಅಪಾಯವನ್ನೂ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಪದಗಳ ಸಾಕ್ಷ್ಯ

‘ಸಲ್ಲೇಖನ’ ಎಂಬ ಪದದ ಮೂಲಾರ್ಥ ಚೆನ್ನಾಗಿ ತೆಳುವಾಗಿಸುವುದು, ಕೃಶಗೊಳಿಸುವುದು. ತತ್ತ್ವಾರ್ಥಸೂತ್ರಕ್ಕೆ ‘ಸರ್ವಾರ್ಥಸಿದ್ಧಿ’ ಎಂಬ ವ್ಯಾಖ್ಯಾನವನ್ನು ಬರೆದ ಪೂಜ್ಯಪಾದರು ತೆಳುವಾಗಿಸಬೇಕಾದವು ಎರಡು ಎನ್ನುತ್ತಾರೆ: ಹೊರಗೆ ಕಾಯ, ಒಳಗೆ ಕ್ರೋಧ ಮಾನ ಮಾಯೆ ಲೋಭಗಳೆಂಬ ಕಷಾಯ. ಎರಡನೆಯದು ನಡೆಯದೆ ಮೊದಲನೆಯದು ಮಾತ್ರ ನಡೆದರೆ ಅದು ಬರಿಯ ಉಪವಾಸ.

ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲಿನ ಏಳು ಎಂಟನೆಯ ಶತಮಾನದ ಕಿರುಶಾಸನಗಳು ಇದೇ ಘಟನೆಯನ್ನು ಅಚ್ಚಗನ್ನಡದ ಕ್ರಿಯಾಪದಗಳಲ್ಲಿ ಹೇಳುತ್ತವೆ. ‘ನೋನ್’ ಮತ್ತು ‘ಮುಡಿಪು’ ಎಂಬ ಎರಡು ಧಾತುಗಳು ಅವುಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ನೋನ್ ಎಂದರೆ ವ್ರತವನ್ನು ಕೈಗೊಂಡು ಆಚರಿಸು. ‘ನೋಂಪಿ’ ಎಂಬ ನಾಮಪದ ಇಂದಿಗೂ ಉಳಿದಿದೆ. ಮುಡಿಪು ಎಂದರೆ ಮುಗಿಸು, ಪೂರೈಸು. ಈ ಬರಹಗಳಲ್ಲಿ ಸಾವು ವ್ಯಕ್ತಿಗೆ ಒದಗಿದ ಘಟನೆಯಾಗಿ ಅಲ್ಲ, ವ್ಯಕ್ತಿ ಕೈಗೊಂಡು ಮುಗಿಸಿದ ಕಾರ್ಯವಾಗಿ ವ್ಯಾಕರಣದಲ್ಲೇ ಮೂಡಿದೆ. ಕರ್ತೃಪದದಲ್ಲಿ ಮುನಿ ಅಥವಾ ಕಂತಿಯ ಹೆಸರು. ಜೊತೆಗೆ ಬಹುಸಲ ಗುರುವಿನ ಹೆಸರು, ಗಣ ಅಥವಾ ಸಂಘದ ಹೆಸರು, ಕೆಲವೊಮ್ಮೆ ಊರಿನ ಹೆಸರು. ಎರಡು ಮೂರು ಸಾಲುಗಳ ಬರಹದಲ್ಲಿ ಕೂಡ ವ್ಯಕ್ತಿ ಒಬ್ಬಂಟಿಯಾಗಿ ಕಾಣಿಸಿಕೊಳ್ಳುವುದು ಅಪರೂಪ. ಕ್ರಿಯೆ ಅವಳದು ಅಥವಾ ಅವನದು. ಆದರೆ ಅದಕ್ಕೆ ಸಾಕ್ಷಿಯಾದ ಸಮುದಾಯ ಅದೇ ಕಲ್ಲಿನ ಮೇಲಿದೆ. ಬಿ. ಎಲ್. ರೈಸ್ 1889ರಲ್ಲಿ ಪ್ರಕಟಿಸಿ, ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಎರಡನೆಯ ಸಂಪುಟವನ್ನು ಅನುಕ್ರಮವಾಗಿ ಓದುವವರಿಗೆ ಈ ಸೂತ್ರರೂಪ ಕೂಡಲೇ ಮನದಟ್ಟಾಗುತ್ತದೆ.

ಅನುಮತಿ ಮತ್ತು ನಿರಾಕರಣೆ

ವ್ರತವನ್ನು ಯಾವಾಗ ಕೈಗೊಳ್ಳಬಹುದು ಎಂಬುದಕ್ಕೆ ಸಮಂತಭದ್ರರ ‘ರತ್ನಕರಂಡಕ ಶ್ರಾವಕಾಚಾರ’ ನಾಲ್ಕು ಸಂದರ್ಭಗಳನ್ನು ಹೇಳುತ್ತದೆ: ಉಪಸರ್ಗ, ದುರ್ಭಿಕ್ಷ, ಮುಪ್ಪು ಮತ್ತು ರೋಗ. ಇವೆಲ್ಲಕ್ಕೂ ಅನ್ವಯಿಸುವ ವಿಶೇಷಣ ‘ನಿಃಪ್ರತೀಕಾರ’, ಅಂದರೆ ಪರಿಹಾರವಿಲ್ಲದ್ದು. ಈ ವಿಶೇಷಣವೇ ಇಡೀ ವಿಧಿಯ ಕೀಲಿ. ಕಾಯಿಲೆ ಬಂದದ್ದಷ್ಟೇ ಸಾಲದು. ಅದಕ್ಕೆ ಮದ್ದಿಲ್ಲವೆಂಬುದು ನಿಶ್ಚಯವಾಗಬೇಕು.

ಈ ಷರತ್ತು ಕೇವಲ ಶಾಸ್ತ್ರದ ಮಾತಾಗಿ ಉಳಿಯಲಿಲ್ಲ ಎಂಬುದಕ್ಕೆ ಸಮಂತಭದ್ರರನ್ನು ಕುರಿತ ಐತಿಹ್ಯವೇ ನಿದರ್ಶನ. ದೇವಚಂದ್ರನ ಕನ್ನಡ ‘ರಾಜಾವಳಿ ಕಥೆ’ 19ನೆಯ ಶತಮಾನದ ಮೊದಲರ್ಧದ ಕೃತಿ. ಅದರಲ್ಲಿ ಬರುವಂತೆ, ಎಷ್ಟು ತಿಂದರೂ ಹಸಿವಡಗದ ಭಸ್ಮಕವ್ಯಾಧಿಗೆ ತುತ್ತಾದ ಸಮಂತಭದ್ರರು ಸಲ್ಲೇಖನಕ್ಕೆ ಗುರುವಿನ ಅನುಮತಿ ಬೇಡುತ್ತಾರೆ, ಗುರು ಒಪ್ಪುವುದಿಲ್ಲ. ಮುಂದೆ ಧರ್ಮಪ್ರಭಾವನೆಗೆ ಕಾರಣನಾಗಬೇಕಾದವನು ಬದುಕಬೇಕು, ರೋಗ ಶಮನವಾಗುವಷ್ಟು ಆಹಾರ ಎಲ್ಲಿ ಸಿಗುವುದೋ ಅಲ್ಲಿಗೆ ಹೋಗಬೇಕು ಎಂಬುದು ಗುರುವಿನ ನಿರ್ಣಯ. ಶಿಷ್ಯನು ಮುನಿಲಿಂಗವನ್ನೇ ತಾತ್ಕಾಲಿಕವಾಗಿ ಬಿಟ್ಟು ಗುಣವಾಗಿ ಬರುತ್ತಾನೆ. ಐತಿಹ್ಯದ ಚಾರಿತ್ರಿಕತೆ ಇಲ್ಲಿ ಮುಖ್ಯವಲ್ಲ. ಸಲ್ಲೇಖನದ ಷರತ್ತುಗಳನ್ನು ಸೂತ್ರೀಕರಿಸಿದ ಆಚಾರ್ಯನಿಗೇ ಸಲ್ಲೇಖನವನ್ನು ನಿರಾಕರಿಸಿದ ಕಥೆಯನ್ನು ಪರಂಪರೆ ಕಾಪಾಡಿಕೊಂಡು ಬಂದಿದೆ ಎಂಬುದು ಮುಖ್ಯ. ಸಾಯುವ ಇಚ್ಛೆ ಪ್ರಾಮಾಣಿಕವಾಗಿದ್ದರೂ ಸಾಲದು, ಗುಣವಾಗಬಲ್ಲ ರೋಗದಲ್ಲಿ ಆ ಇಚ್ಛೆಗೆ ಮನ್ನಣೆಯಿಲ್ಲ ಎಂಬ ತೀರ್ಮಾನ ಅದರಲ್ಲಿದೆ.

ಇಚ್ಛೆಯ ಬಗೆಗಿನ ಈ ಎಚ್ಚರ ತತ್ತ್ವಾರ್ಥಸೂತ್ರದಲ್ಲಿಯೂ ಇದೆ. ಸಲ್ಲೇಖನದ ಐದು ಅತಿಚಾರಗಳಲ್ಲಿ ಮೊದಲನೆಯದು ಬದುಕಬೇಕೆಂಬ ಆಸೆ, ಎರಡನೆಯದು ಸಾಯಬೇಕೆಂಬ ಆಸೆ. ಉಳಿದವು ಮಿತ್ರರ ಮೇಲಿನ ಅನುರಾಗ, ಹಿಂದಿನ ಸುಖದ ನೆನಪು, ಮುಂದಿನ ಭೋಗಕ್ಕಾಗಿ ಮಾಡುವ ನಿದಾನ. ಬೇಗ ಸತ್ತರೆ ಸಾಕೆಂಬ ಬಯಕೆ ವ್ರತವನ್ನು ಕೆಡಿಸುತ್ತದೆ ಎಂಬ ನಿಯಮ, ಸಲ್ಲೇಖನವನ್ನು ‘ಸಾಯುವ ಹಕ್ಕು’ ಎಂದು ಸರಳವಾಗಿ ಅನುವಾದಿಸುವವರ ಕೈಕಟ್ಟುತ್ತದೆ. ಪೂಜ್ಯಪಾದರು ಕೊಡುವ ವರ್ತಕನ ದೃಷ್ಟಾಂತವೂ ಇದನ್ನೇ ಸ್ಪಷ್ಟಪಡಿಸುತ್ತದೆ. ಸರಕು ತುಂಬಿದ ತನ್ನ ಮನೆ ಹಾಳಾಗುವುದನ್ನು ವರ್ತಕ ಬಯಸುವುದಿಲ್ಲ. ಅಪಾಯ ಬಂದಾಗ ಮೊದಲು ಮನೆಯನ್ನು ಉಳಿಸಲು ಯತ್ನಿಸುತ್ತಾನೆ. ಆಗದಿದ್ದಾಗ ಸರಕನ್ನಾದರೂ ಉಳಿಸಿಕೊಳ್ಳುತ್ತಾನೆ. ಮನೆ ದೇಹ, ಸರಕು ವ್ರತಶೀಲ. ಮನೆಗೆ ತಾನೇ ಬೆಂಕಿಯಿಡುವ ವರ್ತಕನಿಗೆ ಈ ದೃಷ್ಟಾಂತದಲ್ಲಿ ಸ್ಥಳವಿಲ್ಲ.

ಹಾನಿಯ ಅಳತೆಗೋಲು

ಇಲ್ಲಿ ಹಾನಿಯೆಂದರೇನು ಎಂಬ ಪ್ರಶ್ನೆ ಏಳುತ್ತದೆ. ತತ್ತ್ವಾರ್ಥಸೂತ್ರದ ಪ್ರಕಾರ ಹಿಂಸೆಯೆಂದರೆ ಪ್ರಮಾದಯುಕ್ತವಾದ ಪ್ರವೃತ್ತಿಯಿಂದ ಪ್ರಾಣವನ್ನು ಬೇರ್ಪಡಿಸುವುದು. ಪ್ರಾಣಹಾನಿಯಷ್ಟೇ ಲಕ್ಷಣವಲ್ಲ, ಅದರ ಹಿಂದಿನ ರಾಗದ್ವೇಷವೂ ಲಕ್ಷಣದ ಭಾಗ. ಈ ಲಕ್ಷಣವನ್ನು ಕನ್ನಡದಲ್ಲಿ ಅತ್ಯಂತ ತೀಕ್ಷ್ಣವಾಗಿ ಕಥನಕ್ಕೆ ತಂದವನು ಜನ್ನ. 1209ರ ‘ಯಶೋಧರ ಚರಿತೆ’ಯಲ್ಲಿ ಯಶೋಧರನು ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು, ಜೀವವಿರುವ ಪ್ರಾಣಿಯ ಬದಲು ಹಿಟ್ಟಿನ ಕೋಳಿಯನ್ನು ಬಲಿಗೊಡುತ್ತಾನೆ. ಜೀವವೊಂದೂ ಸಾಯಲಿಲ್ಲ, ಆದರೂ ಸಂಕಲ್ಪಹಿಂಸೆಯ ಫಲವಾಗಿ ತಾಯಿಮಗ ಇಬ್ಬರೂ ಜನ್ಮಜನ್ಮಾಂತರದ ಪಶುಯೋನಿಗಳಲ್ಲಿ ತೊಳಲುತ್ತಾರೆ.

ಸಲ್ಲೇಖನದ ಸಮರ್ಥನೆಯನ್ನೂ ಹಿಟ್ಟಿನ ಕೋಳಿಯ ಕಥೆಯನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಅವು ಒಂದೇ ತತ್ತ್ವದ ಎರಡು ಮುಖಗಳೆಂಬುದು ಕಾಣುತ್ತದೆ. ಒಂದು ಕಡೆ ಪ್ರಾಣ ಹೋಗದೆ ಹಿಂಸೆ ಇದೆ. ಇನ್ನೊಂದು ಕಡೆ ಪ್ರಾಣ ಹೋಗುತ್ತದೆ, ಹಿಂಸೆ ಇಲ್ಲ. ಆದರೆ ಜನ್ನನ ಕಥೆ ಮತ್ತೊಂದು ಸೂಕ್ಷ್ಮವನ್ನೂ ಎತ್ತುತ್ತದೆ. ಯಶೋಧರನದು ಸ್ವಂತ ಬಯಕೆಯಲ್ಲ, ತಾಯಿಯ ಮಾತಿಗೆ ಕೊಟ್ಟ ಒಪ್ಪಿಗೆ. ಪ್ರೀತಿಯ ಒತ್ತಡದಲ್ಲಿ ಕೊಟ್ಟ ಒಪ್ಪಿಗೆಯೂ ಒಪ್ಪಿದವನದೇ ಎಂದು ಕಾವ್ಯ ಎಣಿಸುತ್ತದೆ, ಒತ್ತಾಯಿಸಿದವಳನ್ನೂ ಬಿಡುವುದಿಲ್ಲ. ಮನಸ್ಸೇ ಅಳತೆಗೋಲಾದಾಗ ಆ ಮನಸ್ಸನ್ನು ಹೊರಗಿನವರು ತಿಳಿಯುವ ಬಗೆ ಏನು? ಆರಾಧನಾ ಗ್ರಂಥಗಳ ವಿಧಿಗಳು ಈ ತೊಡಕಿಗೆ ಕೊಟ್ಟ ಉತ್ತರ.

ನೆರವಿನ ಲೆಕ್ಕ

ಶಿವಾರ್ಯನ ಪ್ರಾಕೃತ ‘ಭಗವತೀ ಆರಾಧನಾ’ ಈ ವಿಷಯದ ಆಕರಗ್ರಂಥ. ಅದು ಪಂಡಿತಮರಣವನ್ನು ಮೂರಾಗಿ ವಿಂಗಡಿಸುತ್ತದೆ: ಭಕ್ತಪ್ರತ್ಯಾಖ್ಯಾನ, ಇಂಗಿನೀ, ಪ್ರಾಯೋಪಗಮನ. ಮೊದಲನೆಯದರಲ್ಲಿ ಕ್ಷಪಕನು, ಅಂದರೆ ವ್ರತಿಯು, ತನ್ನ ಶುಶ್ರೂಷೆಯನ್ನು ತಾನೂ ಮಾಡಿಕೊಳ್ಳಬಹುದು, ಇತರರಿಂದಲೂ ಪಡೆಯಬಹುದು. ಎರಡನೆಯದರಲ್ಲಿ ತಾನು ಮಾಡಿಕೊಳ್ಳಬಹುದು, ಇತರರಿಂದ ಪಡೆಯುವಂತಿಲ್ಲ. ಮೂರನೆಯದರಲ್ಲಿ ಎರಡೂ ಇಲ್ಲ. ಈ ವಿಂಗಡಣೆಯ ಆಧಾರ ರೋಗದ ಸ್ವರೂಪವಲ್ಲ, ಉಪವಾಸದ ಅವಧಿಯೂ ಅಲ್ಲ, ನೆರವಿನ ಪ್ರಮಾಣ. ಪರರ ನೆರವನ್ನು ಸಂಪೂರ್ಣವಾಗಿ ಬಿಡುವ ಸ್ವಾಯತ್ತತೆ ಅಸಾಧಾರಣ ಸತ್ತ್ವವುಳ್ಳವರಿಗೆ ಮೀಸಲು. ಸಾಮಾನ್ಯ ವಿಧಿ ನೆರವಿನೊಡನೆ ನಡೆಯುವ ಭಕ್ತಪ್ರತ್ಯಾಖ್ಯಾನವೇ. ಗ್ರಂಥದ ಬಹುಭಾಗ ಅದರ ವಿವರಣೆಗೆ ಸಂದಿದೆ.

ನೆರವು ನೀಡುವವರಿಗೆ ‘ನಿರ್ಯಾಪಕ’ರೆಂದು ಹೆಸರು. ಅವರ ಪೂರ್ಣಸಂಖ್ಯೆ 48. ಏಳಿಸಿ ಕೂರಿಸಲು, ಮಗ್ಗುಲು ತಿರುಗಿಸಲು ನಾಲ್ವರು, ಧರ್ಮಶ್ರವಣಕ್ಕೆ ನಾಲ್ವರು, ಆಹಾರ ತರಲು, ಪಾನೀಯ ತರಲು, ಮಲಮೂತ್ರ ತೆಗೆಯಲು, ಬಾಗಿಲು ಕಾಯಲು, ರಾತ್ರಿ ಎಚ್ಚರವಿರಲು ಹೀಗೆ ಒಂದೊಂದಕ್ಕೂ ನಾಲ್ವರಂತೆ ಕೆಲಸ ಹಂಚಲಾಗಿದೆ. ಕಾಲದೋಷದಿಂದ ಅಷ್ಟು ಜನ ಸಿಗದಿದ್ದರೆ ಸಂಖ್ಯೆಯನ್ನು ಇಳಿಸಬಹುದು, ಆದರೆ ಇಬ್ಬರಿಗಿಂತ ಕಡಿಮೆ ಮಾಡುವಂತಿಲ್ಲ. ಒಬ್ಬನೇ ಇದ್ದರೆ ಅವನು ಭಿಕ್ಷೆಗೆ ಹೋದಾಗ ಕ್ಷಪಕ ಅನಾಥನಾಗುತ್ತಾನೆ, ಹೋಗದಿದ್ದರೆ ಅವನೇ ಬಳಲುತ್ತಾನೆ ಎಂಬ ಕಾರಣವನ್ನು ಗ್ರಂಥ ಕೊಡುತ್ತದೆ. ಸಾಯುವವನ ಜೊತೆಗೆ ಶುಶ್ರೂಷೆ ಮಾಡುವವನ ಹಾನಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡ ಈ ನಿಯಮದಲ್ಲಿ ನ್ಯಾಯದ ಕಲ್ಪನೆಯೊಂದು ಅಡಗಿದೆ. ಇಂದು ದೀರ್ಘಕಾಲದ ರೋಗಿಯನ್ನು ಮನೆಯಲ್ಲಿ ಒಬ್ಬಳೇ ಸೊಸೆಯೋ ಮಗಳೋ ನೋಡಿಕೊಳ್ಳುವ ಸ್ಥಿತಿಯನ್ನು ನೆನೆದರೆ ಅದರ ತೂಕ ತಿಳಿಯುತ್ತದೆ.

ಒಪ್ಪಿಗೆಯನ್ನು ಪರೀಕ್ಷಿಸುವ ಒಂದು ವಿಶಿಷ್ಟ ವಿಧಿಯೂ ಅಲ್ಲಿದೆ. ಆಹಾರತ್ಯಾಗಕ್ಕೆ ಮುನ್ನ ಉತ್ತಮವಾದ ಭಕ್ಷ್ಯಭೋಜ್ಯಗಳನ್ನು ಕ್ಷಪಕನ ಮುಂದೆ ತಂದಿಡಬೇಕು. ಕೆಲವರು ನೋಡಿದ ಮಾತ್ರದಿಂದ ತೃಪ್ತರಾಗಿ ಬೇಡವೆನ್ನುತ್ತಾರೆ. ಕೆಲವರು ಸ್ವಲ್ಪ ರುಚಿ ನೋಡುತ್ತಾರೆ. ಕೆಲವರಿಗೆ ಆಸೆ ಉಳಿದಿರುತ್ತದೆ. ಆಸೆ ಉಳಿದವರಿಗೆ ಆಚಾರ್ಯನು ತಿಳಿಹೇಳಿ, ಒಂದೊಂದನ್ನಾಗಿ ಬಿಡಿಸಬೇಕು. ಕಾಗದದ ಮೇಲಿನ ಸಹಿಯನ್ನೇ ಒಪ್ಪಿಗೆಯೆಂದು ಬಗೆಯುವ ಕಾಲದಲ್ಲಿ ಈ ವಿಧಿಯನ್ನು ಗಮನಿಸಬೇಕು. ಬೇಡವೆನ್ನುವ ಮಾತಿಗೆ ಬೆಲೆ ಬರುವುದು ಬೇಕೆನ್ನುವ ಅವಕಾಶ ಎದುರಿಗಿದ್ದಾಗ ಎಂಬ ತಿಳಿವು ಇದರಲ್ಲಿದೆ. ರತ್ನಕರಂಡಕವೂ ಘನಾಹಾರದಿಂದ ಸ್ನಿಗ್ಧಪಾನಕ್ಕೆ, ಅಲ್ಲಿಂದ ಹಗುರ ಪಾನೀಯಕ್ಕೆ, ಕೊನೆಗೆ ಉಪವಾಸಕ್ಕೆ ಹೋಗುವ ಕ್ರಮವನ್ನೇ ವಿಧಿಸುತ್ತದೆ. ನಿರ್ಧಾರ ಒಂದು ಗಳಿಗೆಯಲ್ಲಿ ಮುಗಿಯುವುದಿಲ್ಲ. ಹಂತಹಂತವಾಗಿ ಮತ್ತೆ ಮತ್ತೆ ಆಗಬೇಕಾಗುತ್ತದೆ.

ವಡ್ಡಾರಾಧನೆಯ ಸ್ಥಾನ ಮತ್ತು ಒಂದು ತೊಡಕು

ಕನ್ನಡದ ಉಪಲಬ್ಧ ಗದ್ಯಗ್ರಂಥಗಳಲ್ಲಿ ಅತ್ಯಂತ ಹಳೆಯದೆಂದು ಗಣಿತವಾದ ‘ವಡ್ಡಾರಾಧನೆ’ಯ ಹೆಸರು, ಕರ್ತೃ, ಕಾಲಗಳ ಬಗ್ಗೆ ವಿದ್ವಾಂಸರ ಚರ್ಚೆ ದೀರ್ಘವಾಗಿದೆ, ಸಾಮಾನ್ಯವಾಗಿ ಅದನ್ನು ಶಿವಕೋಟ್ಯಾಚಾರ್ಯನದೆಂದೂ ಹತ್ತನೆಯ ಶತಮಾನದ ಆದಿಭಾಗದ್ದೆಂದೂ ಹೇಳುತ್ತಾರೆ. ಅದರ ಹತ್ತೊಂಬತ್ತು ಕಥೆಗಳಲ್ಲಿ ಪ್ರತಿಯೊಂದೂ ಭಗವತೀ ಆರಾಧನೆಯ ಒಂದು ಗಾಹೆಯಿಂದ ಆರಂಭವಾಗುತ್ತದೆ. ಈ ಗಾಹೆಗಳು ಮೂಲಗ್ರಂಥದಲ್ಲಿ ಎಲ್ಲಿ ಬರುತ್ತವೆ ಎಂಬುದನ್ನು ಕಥಾಸಾಹಿತ್ಯದ ವಿಮರ್ಶೆ ಹಲವು ಬಾರಿ ಬದಿಗೊತ್ತಿದೆ. ಅವು ಬರುವುದು ‘ಕವಚ’ ಎಂಬ ಅಧಿಕಾರದಲ್ಲಿ. ಹಸಿವು, ಬಾಯಾರಿಕೆ, ವೇದನೆಗಳಿಂದ ಕ್ಷಪಕನ ಮನಸ್ಸು ಕದಲಿದಾಗ ನಿರ್ಯಾಪಕಾಚಾರ್ಯನು ಹಿಂದಿನ ಧೀರರ ನಿದರ್ಶನಗಳನ್ನು ಹೇಳಿ ಅವನಿಗೆ ಕವಚ ತೊಡಿಸಬೇಕು. ಸುಕುಮಾರಸ್ವಾಮಿಯ ಕಥೆ, ಗುರುದತ್ತ ಭಟಾರರ ಕಥೆ, ಚಿಲಾತಪುತ್ರನ ಕಥೆ ಮೊದಲಾದವು ಹೀಗೆ ಮರಣಶಯ್ಯೆಯ ಬಳಿ ಹೇಳುವ ಕಥೆಗಳ ಪರಂಪರೆಗೆ ಸೇರಿದವು.

ಈ ಹಿನ್ನೆಲೆಯಲ್ಲಿ ಸನತ್ಕುಮಾರ ಚಕ್ರವರ್ತಿಯ ಕಥೆ ಗಮನಾರ್ಹ. ರೂಪಕ್ಕೆ ಹೆಸರಾದ ಚಕ್ರವರ್ತಿ ರೂಪದ ಅನಿತ್ಯತೆಯನ್ನು ಕಂಡು ತಪಸ್ಸಿಗೆ ತೆರಳುತ್ತಾನೆ. ದೇಹವನ್ನು ಅನೇಕ ರೋಗಗಳು ಮುತ್ತುತ್ತವೆ. ವೈದ್ಯವೇಷದಲ್ಲಿ ಬಂದ ದೇವನು ಚಿಕಿತ್ಸೆ ಕೊಡುವೆನೆಂದಾಗ ಮುನಿ ಒಪ್ಪುವುದಿಲ್ಲ. ಸಂಸಾರವ್ಯಾಧಿಗೆ ಮದ್ದಿದ್ದರೆ ಕೊಡು ಎಂಬ ಅರ್ಥದ ಮಾತಾಡುತ್ತಾನೆ. ಚಿಕಿತ್ಸೆಯ ನಿರಾಕರಣೆ ಇಲ್ಲಿ ತಿಳಿವಳಿಕೆಯಿಂದ ಕೂಡಿದ್ದು. ವೈದ್ಯ ಎದುರಿಗಿದ್ದಾನೆ, ಮದ್ದು ಲಭ್ಯವಿದೆ, ನಿರಾಕರಿಸುವವನಿಗೆ ತಾನೇನನ್ನು ನಿರಾಕರಿಸುತ್ತಿದ್ದೇನೆಂದು ಗೊತ್ತಿದೆ. ಇಂದಿನ ನೀತಿಶಾಸ್ತ್ರ ಇಂಥ ನಿರಾಕರಣೆಯನ್ನು ಸ್ವಾಯತ್ತತೆಯ ಶುದ್ಧ ಉದಾಹರಣೆಯೆಂದು ಸ್ವೀಕರಿಸಬಹುದು.

ಆದರೆ ಈ ಕಥೆಯನ್ನು ಯಾರಿಗೆ, ಯಾವಾಗ ಹೇಳಲಾಗುತ್ತದೆ ಎಂಬುದನ್ನು ನೆನೆದರೆ ತೊಡಕು ಎದುರಾಗುತ್ತದೆ. ಕೇಳುವವನು ಸನತ್ಕುಮಾರನಲ್ಲ, ಮನಸ್ಸು ಕದಲಿದ, ನೀರು ಬೇಕೆನ್ನುವ ಸ್ಥಿತಿಯಲ್ಲಿರಬಹುದಾದ ದುರ್ಬಲ ವ್ಯಕ್ತಿ. ಆ ಹೊತ್ತಿನಲ್ಲಿ ನರಿಗಳು ಕಚ್ಚಿ ತಿಂದರೂ ಕದಲದ ಸುಕುಮಾರನ ಕಥೆ ಹೇಳುವುದು ಧೈರ್ಯ ತುಂಬುವುದೇ, ಹಿಂದೆಗೆಯದಂತೆ ಕಟ್ಟಿಹಾಕುವುದೇ? ಆರಂಭದಲ್ಲಿ ಇಚ್ಛೆಯನ್ನು ಅಷ್ಟು ಎಚ್ಚರದಿಂದ ಪರೀಕ್ಷಿಸಿದ ವಿಧಿ, ಕೊನೆಯ ಹಂತದಲ್ಲಿ ಬದಲಾದ ಇಚ್ಛೆಯನ್ನು ದೌರ್ಬಲ್ಯವೆಂದು ಕರೆಯುತ್ತದೆ. ವ್ರತಿಯ ಅಂದಿನ ಸಂಕಲ್ಪ ಮತ್ತು ಇಂದಿನ ಬೇಡಿಕೆ, ಇವೆರಡರಲ್ಲಿ ಯಾವುದು ಅವನ ನಿಜವಾದ ಮಾತು ಎಂಬ ಪ್ರಶ್ನೆಗೆ ಪರಂಪರೆಯ ಉತ್ತರ ನಿಸ್ಸಂದಿಗ್ಧ: ಅಂದಿನದು. ಇದನ್ನು ಮುಚ್ಚಿಡುವ ಅಗತ್ಯವಿಲ್ಲ. ಆ ಪರಂಪರೆಯ ಒಳತರ್ಕದಲ್ಲಿ ವ್ರತಭಂಗ ದೇಹಪೀಡೆಗಿಂತ ದೊಡ್ಡ ಹಾನಿ. ಆದ್ದರಿಂದ ಕವಚ ಹಿತವೇ ಆಗುತ್ತದೆ. ಆ ತರ್ಕವನ್ನು ಒಪ್ಪದವನಿಗೆ ಅದೇ ಕವಚ ಬಂಧನದಂತೆ ಕಾಣುತ್ತದೆ. ಮುಂಗಡವಾಗಿ ಬರೆದಿಟ್ಟ ಇಚ್ಛಾಪತ್ರಕ್ಕೂ ರೋಗಿಯ ಕೊನೆಗಾಲದ ಬದಲಾದ ಮಾತಿಗೂ ವಿರೋಧ ಬಂದಾಗ ಇಂದಿನ ವೈದ್ಯರನ್ನು ಕಾಡುವುದು ಇದೇ ಪ್ರಶ್ನೆ. ವಡ್ಡಾರಾಧನೆಯನ್ನು ಬರಿಯ ಕಥಾಕೋಶವಾಗಿ ಓದಿದರೆ ಈ ನೈತಿಕ ಸಂದರ್ಭವೇ ಕಣ್ಮರೆಯಾಗುತ್ತದೆ.

ಹೊಣೆ, ಋಣ, ದುಃಖ

ಶಾಸನಗಳಲ್ಲಿ ದಾಖಲಾದ ಗೃಹಸ್ಥರ ಸಲ್ಲೇಖನಗಳು ಇದೇ ಪ್ರಶ್ನೆಗಳನ್ನು ಬೇರೆ ಬೇರೆ ಬೆಳಕಿನಲ್ಲಿ ತೋರಿಸುತ್ತವೆ. ಹತ್ತನೆಯ ಶತಮಾನದ ಮೊದಲ ಭಾಗದ ಬಂದಳಿಕೆಯ ಶಾಸನ ಜಕ್ಕಿಯಬ್ಬೆಯದು. ಪತಿ ಸತ್ತರಸ ನಾಗಾರ್ಜುನನ ಮರಣಾನಂತರ ನಾಗರಖಂಡದ ನಾಳ್ಗಾವುಂಡ ಪದವಿಯನ್ನು ರಾಷ್ಟ್ರಕೂಟ ಪ್ರಭುತ್ವ ಆಕೆಗೆ ಕೊಟ್ಟಿತು. ಆಕೆ ಅದನ್ನು ಸಮರ್ಥವಾಗಿ ನಡೆಸಿದಳು. ದೇಹಕ್ಕೆ ವ್ಯಾಧಿ ಬಂದಾಗ ಮಗಳನ್ನು ಕರೆಸಿ ಹೊಣೆಯನ್ನು ಒಪ್ಪಿಸಿ, ಬಂದಳಿಕೆಯ ತೀರ್ಥದಲ್ಲಿ ವ್ರತದಿಂದ ದೇಹಬಿಟ್ಟಳು. ನಿರ್ಧಾರಕ್ಕೂ ಮರಣಕ್ಕೂ ನಡುವೆ ಅಧಿಕಾರದ ಹಸ್ತಾಂತರವಿದೆ. ಗಂಗರ ಮಾರಸಿಂಹನ ವಿಷಯದಲ್ಲಿಯೂ ಹೀಗೆಯೇ. ರಾಜ್ಯವನ್ನು ಬಿಟ್ಟ ಆತ 974ರಲ್ಲಿ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ನೋಂತು ಮುಡಿಪಿದನೆಂದು ಚಿಕ್ಕಬೆಟ್ಟದ ಕೂಗೆ ಬ್ರಹ್ಮದೇವ ಸ್ತಂಭದ ಶಾಸನ ತಿಳಿಸುತ್ತದೆ. ಉಳಿಯುವವರಿಗೆ ಸಲ್ಲಬೇಕಾದುದನ್ನು ಸಲ್ಲಿಸದೆ ಹೊರಡುವಂತಿಲ್ಲ. ಬಂಧುಗಳನ್ನೂ ಪರಿಜನರನ್ನೂ ಕ್ಷಮಿಸಿ, ಅವರಿಂದ ಕ್ಷಮೆ ಪಡೆದು, ತಾನು ಮಾಡಿದ, ಮಾಡಿಸಿದ, ಒಪ್ಪಿದ ತಪ್ಪುಗಳನ್ನು ಆಲೋಚನೆ ಮಾಡಬೇಕೆಂಬ ರತ್ನಕರಂಡಕದ ವಿಧಿಗೆ ಇದು ಲೌಕಿಕ ರೂಪ.

ಇದಕ್ಕೆ ಪಕ್ಕದಲ್ಲಿಟ್ಟು ನೋಡಬೇಕಾದದ್ದು ಕನ್ನಡನಾಡಿನ ಮತ್ತೊಂದು ಆತ್ಮಾರ್ಪಣದ ಪರಂಪರೆ. ಒಡೆಯನೊಡನೆ ಸಾಯುವ ಪ್ರತಿಜ್ಞೆ ತೊಟ್ಟ ಲೆಂಕರು, ವೇಳೆವಾಳಿಗರು, ಗರುಡರು ವೀರಗಲ್ಲುಗಳಲ್ಲಿ ಕಾಣುತ್ತಾರೆ. 1220ರಲ್ಲಿ ಇಮ್ಮಡಿ ಬಲ್ಲಾಳ ತೀರಿಕೊಂಡಾಗ ಕುವರ ಲಕ್ಷ್ಮನು ಪತ್ನಿಯೊಡನೆ, ಪರಿವಾರದೊಡನೆ ಪ್ರಾಣಬಿಟ್ಟ ಸಂಗತಿಯನ್ನು ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯ ಗರುಡಗಂಬ ದಾಖಲಿಸಿದೆ. ಅಲ್ಲಿಯೂ ಪ್ರತಿಜ್ಞೆ ಇದೆ, ಧೈರ್ಯವಿದೆ, ಸಾರ್ವಜನಿಕ ಗೌರವವಿದೆ. ಆದರೆ ಸಾವಿನ ಕಾರಣ ಸಾಯುವವನ ದೇಹಸ್ಥಿತಿಯಲ್ಲ, ಒಡೆಯನ ಮರಣ; ಸಾವು ಉಂಡ ಅನ್ನದ ಋಣವನ್ನು ತೀರಿಸುವ ಬಗೆ. ನಿಃಪ್ರತೀಕಾರವೆಂಬ ಷರತ್ತೂ ಇಲ್ಲ, ಬೇಡವೆನ್ನುವ ಗುರುವೂ ಇಲ್ಲ. ಎರಡನ್ನೂ ‘ಇಚ್ಛಾಮರಣ’ ಎಂಬ ಒಂದೇ ಹೆಸರಿನಲ್ಲಿ ಕೂಡಿಸುವುದು ಶಾಸನಗಳ ಭಾಷೆಗೆ ವಿರುದ್ಧ.

ಎರಡರ ನಡುವಿನ ಗಡಿ ಯಾವಾಗಲೂ ಸ್ವಚ್ಛವಾಗಿರಲಿಲ್ಲ ಎಂಬುದಕ್ಕೆ ಮಾಚಿಕಬ್ಬೆ ಸಾಕ್ಷಿ. ವಿಷ್ಣುವರ್ಧನನ ರಾಣಿ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಮಗಳು ಸ್ವರ್ಗಸ್ಥಳಾದ ಮೇಲೆ ತಾನಿರಲಾರೆನೆಂದು ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಗುರುಗಳ ಸನ್ನಿಧಿಯಲ್ಲಿ ಸನ್ಯಸನವನ್ನು ಸ್ವೀಕರಿಸಿ, ಬಂಧುಗಳನ್ನು ಬೀಳ್ಕೊಟ್ಟು, ಒಂದು ತಿಂಗಳ ಉಪವಾಸದಿಂದ ಮುಡಿಪಿದಳೆಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ವಿಧಿಯ ಅಂಗಗಳೆಲ್ಲ ಅಲ್ಲಿವೆ: ಗುರುಗಳ ಅನುಮತಿ, ಸಮುದಾಯದ ಸಾಕ್ಷ್ಯ, ದೀರ್ಘ ಕ್ರಮ. ಆದರೆ ಶಾಸನವೇ ಕೊಡುವ ಕಾರಣ ಮಗಳ ಅಗಲಿಕೆ. ಶಾಸ್ತ್ರದ ನಾಲ್ಕು ಸಂದರ್ಭಗಳಲ್ಲಿ ಪುತ್ರಿಶೋಕ ಇಲ್ಲ. ಪ್ರಿಯರ ಮೇಲಿನ ಅನುರಾಗ ಅತಿಚಾರಗಳ ಸಾಲಿನಲ್ಲಿದೆ. ಶೋಕದಿಂದ ಆರಂಭವಾದ ನಿರ್ಧಾರ ಒಂದು ತಿಂಗಳ ವ್ರತದಲ್ಲಿ ಶೋಕವನ್ನು ದಾಟಿತೆಂದು ಗುರುಗಳು ತಿಳಿದಿರಬಹುದು. ಶಾಸನಕವಿ ತಾಯಿಯ ಮಾತನ್ನು ಅಳಿಸದೆ ಉಳಿಸಿದ್ದರಿಂದ ಓದುಗನಿಗೆ ಆ ಪ್ರಶ್ನೆಯನ್ನು ಕೇಳುವ ಅವಕಾಶ ಉಳಿದಿದೆ.

ಕಲ್ಲಿನ ಮಿತಿ

ನಿಸಿದಿಗಳ ಸಾಕ್ಷ್ಯಕ್ಕೆ ಮಿತಿಗಳಿವೆ. ನಿಸಿದಿಯನ್ನು ನಿಲ್ಲಿಸುವವರು ಉಳಿದವರು. ವ್ರತ ಪೂರ್ಣಗೊಂಡ ಮೇಲೆ ಮಾತ್ರ ಕಲ್ಲು ಏಳುತ್ತದೆ. ನಡುವೆ ಆಹಾರ ಕೇಳಿ ಬದುಕಿದವರ ಹೆಸರಿಗೆ ಕಲ್ಲಿಲ್ಲ. ಅನುಮತಿ ಸಿಗದೆ ಹಿಂದಿರುಗಿದವರು ಐತಿಹ್ಯದಲ್ಲಿ ಮಾತ್ರ ಸಿಗುತ್ತಾರೆ, ಅದೂ ಸಮಂತಭದ್ರರಂಥ ಮಹಾಪುರುಷರಾದರೆ. ಪತಿಯನ್ನೋ ಮಗಳನ್ನೋ ಕಳೆದುಕೊಂಡ ಸ್ತ್ರೀಯ ಮೇಲೆ ಕುಲದ ಕೀರ್ತಿಯ ಭಾರ ಎಷ್ಟಿತ್ತೆಂಬುದನ್ನು ಪ್ರಶಸ್ತಿಯ ಭಾಷೆ ಹೇಳುವುದಿಲ್ಲ. ಆದ್ದರಿಂದ ಶಾಸನಗಳನ್ನು ಒಪ್ಪಿಗೆಯ ಪುರಾವೆಗಳೆಂದು ಓದುವುದಕ್ಕಿಂತ, ಒಪ್ಪಿಗೆ ಹೇಗಿರಬೇಕೆಂದು ಆ ಸಮಾಜ ಭಾವಿಸಿತ್ತು ಎಂಬುದರ ಪುರಾವೆಗಳೆಂದು ಓದುವುದು ಹೆಚ್ಚು ಸುರಕ್ಷಿತ. ಅವು ಸಾರುವ ಆದರ್ಶ ಖಚಿತ. ಒಂದೊಂದು ಪ್ರಸಂಗದಲ್ಲಿ ಅದು ಎಷ್ಟು ನಡೆಯಿತೆಂಬುದು ಬೇರೆ ಮಾತು.

ಇಂದಿನ ಚರ್ಚೆಗೆ

ನ್ಯಾಯಾಲಯಗಳ ಇತ್ತೀಚಿನ ನಡೆಯನ್ನು ಈ ಹಿನ್ನೆಲೆಯಲ್ಲಿ ಗಮನಿಸಬಹುದು. ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರಲ್ಲಿ ನಡೆದ ಕ್ರೂರ ಹಲ್ಲೆಯ ನಂತರ 2015ರ ಮೇ 18ರಂದು ಕೊನೆಯುಸಿರೆಳೆಯುವವರೆಗೆ, 41 ವರ್ಷಕ್ಕೂ ಹೆಚ್ಚು ಕಾಲ, ಅದೇ ಆಸ್ಪತ್ರೆಯಲ್ಲಿ ಅರಿವಿಲ್ಲದ ಸ್ಥಿತಿಯಲ್ಲಿದ್ದರು. ಅವರ ಪರವಾಗಿ ದಯಾಮರಣ ಕೋರಿದ್ದ ಅರ್ಜಿಯನ್ನು ಸರ್ವೋಚ್ಚ ನ್ಯಾಯಾಲಯ 2011ರ ಮಾರ್ಚ್ 7ರಂದು ತಿರಸ್ಕರಿಸಿತಾದರೂ, ಜೀವರಕ್ಷಕ ಚಿಕಿತ್ಸೆಯನ್ನು ಹಿಂದೆಗೆಯುವ ಮಾರ್ಗವನ್ನು ಷರತ್ತುಗಳೊಂದಿಗೆ ಅಂಗೀಕರಿಸಿತು. ಅವರ ಪರವಾಗಿ ಮಾತಾಡುವ ಅಧಿಕಾರ ಯಾರಿಗೆ ಎಂಬ ಪ್ರಶ್ನೆಯಲ್ಲಿ ನ್ಯಾಯಾಲಯ, ದಶಕಗಳ ಕಾಲ ಅವರ ಶುಶ್ರೂಷೆ ಮಾಡಿದ ಆಸ್ಪತ್ರೆಯ ಸಿಬ್ಬಂದಿಯನ್ನು ಮಾನ್ಯ ಮಾಡಿತು. ಆರಾಧನಾ ಗ್ರಂಥದ ಓದುಗರಿಗೆ ಈ ತೀರ್ಮಾನದ ಜಾಡು ಅಪರಿಚಿತವಲ್ಲ. ನಿರ್ಯಾಪಕನ ಅಧಿಕಾರ ಹುಟ್ಟುವುದೂ ಸೇವೆಯಿಂದಲೇ. ವ್ಯತ್ಯಾಸವೂ ಅಷ್ಟೇ ದೊಡ್ಡದು. ಕ್ಷಪಕನು ತನ್ನ ಮಾತನ್ನು ಮೊದಲೇ ಹೇಳಿರುತ್ತಾನೆ. ಅರುಣಾ ಅವರಿಗೆ ಆ ಅವಕಾಶವನ್ನೇ ಕಸಿಯಲಾಗಿತ್ತು.

2018ರ ಮಾರ್ಚ್ 9ರ ತೀರ್ಪಿನಲ್ಲಿ ಸಂವಿಧಾನ ಪೀಠವು ಘನತೆಯಿಂದ ಸಾಯುವ ಹಕ್ಕನ್ನು 21ನೆಯ ವಿಧಿಯ ಭಾಗವೆಂದು ಗುರುತಿಸಿ, ಮುಂಗಡ ಇಚ್ಛಾಪತ್ರಕ್ಕೆ ಮನ್ನಣೆ ನೀಡಿತು. 2023ರಲ್ಲಿ ಅದರ ಕ್ರಮವನ್ನು ಸರಳಗೊಳಿಸಲಾಯಿತು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿ, ಆಸ್ಪತ್ರೆಗಳಲ್ಲಿ ಪ್ರಾಥಮಿಕ ಮತ್ತು ದ್ವಿತೀಯ ವೈದ್ಯಕೀಯ ಮಂಡಳಿಗಳ ಮೂಲಕ ಇದನ್ನು ಜಾರಿಗೊಳಿಸಲು ಸೂಚಿಸಿತು. ಗುಣವಾಗದ ರೋಗವೆಂಬ ಷರತ್ತು, ಒಬ್ಬರ ಬದಲು ಹಲವರ ಪರಿಶೀಲನೆ, ಮೊದಲೇ ಪ್ರಕಟಿಸಿದ ಇಚ್ಛೆ: ಈ ಮೂರು ಅಂಗಗಳು ಹಳೆಯ ವಿಧಿಯಲ್ಲಿಯೂ ಇದ್ದವು. ಒಂದರಿಂದ ಇನ್ನೊಂದು ಹುಟ್ಟಿತೆಂದು ಇದರ ಅರ್ಥವಲ್ಲ. ಚಿಕಿತ್ಸೆಯನ್ನು ನಿಲ್ಲಿಸುವುದೂ ಆಹಾರವನ್ನು ತ್ಯಜಿಸುವುದೂ ಒಂದೇ ಅಲ್ಲ. ಒಂದರ ಗುರಿ ನೋವಿನ ನಿವಾರಣೆ, ಇನ್ನೊಂದರದು ಕರ್ಮದ ನಿರ್ಜರೆ. ಒಂದೇ ಬಗೆಯ ಆತಂಕಕ್ಕೆ ಎರಡು ಕಾಲಗಳು ಕಂಡುಕೊಂಡ ಉಪಾಯಗಳಲ್ಲಿ ಸಾಮ್ಯವಿದೆ ಎಂದಷ್ಟೇ ಹೇಳಬಹುದು.

ಒಂದು ಅಂಗ ಮಾತ್ರ ಹೊಸ ವಿಧಿಯಲ್ಲಿ ತೆಳುವಾಗಿದೆ. ಮಂಡಳಿ ಸಹಿ ಹಾಕಿದ ಮೇಲೆ ರೋಗಿಯ ಬಳಿ ಯಾರಿರಬೇಕು ಎಂಬುದನ್ನು ಅದು ಭಗವತೀ ಆರಾಧನೆಯಷ್ಟು ವಿವರವಾಗಿ ಯೋಚಿಸಿಲ್ಲ. ಇಂದಿನ ಕನ್ನಡ ಕುಟುಂಬಗಳು ಹರಡಿಹೋಗಿವೆ. ತಾಯಿ ಮಂಗಳೂರಿನ ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ, ಮಗ ದುಬೈನ ಜುಮೇರಾ ಲೇಕ್ ಟವರ್ಸ್‌ನ ಯಾವುದೋ ಮಹಡಿಯಲ್ಲಿ, ಮಗಳು ಮತ್ತೊಂದು ಖಂಡದಲ್ಲಿ ಇರುವುದು ಈಗ ವಿರಳ ಸಂಗತಿಯಲ್ಲ. ವೆಂಟಿಲೇಟರ್ ಮುಂದುವರಿಸಬೇಕೇ ಎಂಬ ಪ್ರಶ್ನೆ ದೂರವಾಣಿಯಲ್ಲಿ ಬರುತ್ತದೆ, ಉತ್ತರವೂ ದೂರವಾಣಿಯಲ್ಲೇ ಹೋಗುತ್ತದೆ. ಅಲ್ಲಿ ಸಾಯುವವಳ ಮಾತನ್ನು ಯಾರೂ ಮೊದಲೇ ಕೇಳಿರುವುದಿಲ್ಲ, ಕೇಳುವುದು ಅಶುಭವೆಂಬ ಸಂಕೋಚದಿಂದ. ಸಲ್ಲೇಖನದ ಪಠ್ಯಗಳಲ್ಲಿ ಆ ಸಂಕೋಚವಿಲ್ಲ. ಸಾವಿನ ಬಗೆಗೆ ಸಾಯುವವರೊಡನೆಯೇ ಮಾತಾಡುವುದು, ಬೇಕೆನ್ನಲೂ ಬೇಡವೆನ್ನಲೂ ಎಡೆಗೊಡುವುದು, ಆಮೇಲೆ ಹತ್ತಿರ ಇರುವುದು, ಇವನ್ನು ಅವು ವಿಧಿಯಾಗಿಯೇ ಬರೆದಿಟ್ಟವು.

ಉಪಸಂಹಾರ

ಸ್ವಾಯತ್ತತೆ, ಗೌರವ, ನ್ಯಾಯ, ಅಹಿಂಸೆಗಳು ಸಲ್ಲೇಖನದ ಕನ್ನಡ ಸಾಮಗ್ರಿಯಲ್ಲಿ ಬಿಡಿಬಿಡಿ ತತ್ತ್ವಗಳಾಗಿ ಸಿಗುವುದಿಲ್ಲ. ಪರೀಕ್ಷೆ, ನಿರಾಕರಣೆ, ಹಸ್ತಾಂತರ, ಶುಶ್ರೂಷೆ ಎಂಬ ಕ್ರಿಯೆಗಳಾಗಿ ಸಿಗುತ್ತವೆ. ಗುಣವಾಗಬಲ್ಲವನಿಗೆ ಬೇಡವೆಂದ ಗುರುವೂ ಕದಲಿದವನಿಗೆ ಕಥೆ ಹೇಳಿದ ಆಚಾರ್ಯನೂ ಒಂದೇ ಪರಂಪರೆಯವರು. ಮೊದಲನೆಯವನನ್ನು ಮಾತ್ರ ಎತ್ತಿ ತೋರಿಸುವುದು ಪ್ರಶಸ್ತಿಯಾಗುತ್ತದೆ, ಎರಡನೆಯವನನ್ನು ಮಾತ್ರ ತೋರಿಸುವುದು ಆರೋಪಪಟ್ಟಿಯಾಗುತ್ತದೆ. ಭಗವತೀ ಆರಾಧನೆಯ ಕವಚಾಧಿಕಾರವನ್ನು ವಡ್ಡಾರಾಧನೆಯ ಜೊತೆಗೂ, ವಡ್ಡಾರಾಧನೆಯನ್ನು ಸಮಕಾಲೀನ ನಿಸಿದಿಗಳ ಜೊತೆಗೂ ಇಟ್ಟು ಸಾಲುಸಾಲಾಗಿ ಹೋಲಿಸುವ ಅಧ್ಯಯನ ಇನ್ನೂ ವಿಸ್ತಾರವಾಗಿ ನಡೆಯಬೇಕಾಗಿದೆ. ಆ ಕೆಲಸ ನಡೆದಷ್ಟೂ, ನ್ಯಾಯಾಲಯದಲ್ಲಿಯೂ ಆಸ್ಪತ್ರೆಯಲ್ಲಿಯೂ ‘ಪರಂಪರೆ ಹೀಗೆ ಹೇಳುತ್ತದೆ’ ಎಂದು ಹೇಳುವವರ ಮಾತಿಗೆ ಪಠ್ಯದ ಆಧಾರ ಗಟ್ಟಿಯಾಗುತ್ತದೆ.